ಒಂದು ಶೀಸೆ ಮೂತ್ರದ ಸುದ್ದಿ ಹನುಮಂತನಗರಕ್ಕೆ ಯಾವಾಗ?

ಹನುಮಂತನಗರದ ಐವತ್ತಡಿ ರಸ್ತೆಯಲ್ಲಿ ಬೆಳಿಗ್ಗೆ ಷಟರ್ ಎತ್ತಿ ರಾತ್ರಿ ಹತ್ತಕ್ಕೆ ಇಳಿಸುವ ಅಂಗಡಿಯವರಿಗೆ ಮೂತ್ರ ಕೆಂಪಗೆ ಹೋದರೆ ಆ ಕಾಯಿಲೆಗೆ ಇರುವುದು ಒಂದೇ ಹೆಸರು, ಉಷ್ಣ. ಎರಡು ಎಳನೀರು, ಒಂದು ಲೋಟ ಬಾರ್ಲಿ ನೀರು, ಹೆಚ್ಚೆಂದರೆ ಮೆಡಿಕಲ್ ಸ್ಟೋರಿನ ಹುಡುಗ ಕೊಟ್ಟ ನಾಲ್ಕು ಮಾತ್ರೆ. ಮೂರನೇ ದಿನ ತಿಳಿಯಾಗುತ್ತದೆ. ಎಳನೀರು ಕೆಲಸ ಮಾಡ್ತು ಅಂತ ಮನೆಯವರೂ ಸುಮ್ಮನಾಗುತ್ತಾರೆ. ನೋವೇ ಇಲ್ಲವಲ್ಲ, ಇನ್ನೇನು ರೋಗ?

ನೋವಿಲ್ಲದಿರುವುದೇ ಇಲ್ಲಿ ಮೋಸ. ಮೂತ್ರಕೋಶದ ಕ್ಯಾನ್ಸರ್ ಬಹಳ ಜನರಲ್ಲಿ ಮೊದಲು ತಲೆ ತೋರಿಸುವುದು ಹೀಗೇ. ಒಮ್ಮೆ ರಕ್ತ ಬಂದು ನಿಂತುಹೋಗುತ್ತದೆ, ಆಮೇಲೆ ತಿಂಗಳುಗಟ್ಟಲೆ ಸುದ್ದಿಯಿಲ್ಲ. ಕೆಂಪಗೆ ಹೋದವರಿಗೆಲ್ಲ ಕ್ಯಾನ್ಸರ್ ಅಲ್ಲ, ಹೆದರಬೇಕಿಲ್ಲ. ಕಲ್ಲು, ಸೋಂಕು, ಪ್ರಾಸ್ಟೇಟ್ ಹೀಗೆ ಕಾರಣ ಹತ್ತಾರು. ಆದರೆ ಐವತ್ತು ದಾಟಿದ, ವರ್ಷಗಟ್ಟಲೆ ಬೀಡಿ ಸಿಗರೇಟು ಸೇದಿದ ಗಂಡಸು ಇದನ್ನು ಉಷ್ಣ ಅಂತ ಕೈಬಿಡುವಂತಿಲ್ಲ. ಹೆಂಗಸರಿಗಿಂತ ಗಂಡಸರಿಗೆ ಈ ರೋಗ ಮೂರು ನಾಲ್ಕು ಪಟ್ಟು ಹೆಚ್ಚು. ಹೆಂಗಸರಿಗೆ ಬಂದಾಗಲಂತೂ ‘ಯೂರಿನ್ ಇನ್ಫೆಕ್ಷನ್’ ಅಂತ ಒಂದರ ಮೇಲೊಂದು ಮಾತ್ರೆ ನುಂಗಿಸಿ ಕಾಲ ಕಳೆಯುವುದೇ ಜಾಸ್ತಿ.

ಹೊಗೆಗೂ ಉಚ್ಚೆಗೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಹೊಗೆಯ ವಿಷ ರಕ್ತಕ್ಕೆ ಸೇರುತ್ತದೆ, ಕಿಡ್ನಿ ಅದನ್ನು ಸೋಸಿ ಮೂತ್ರಕ್ಕೆ ಬಿಡುತ್ತದೆ, ಆ ಮೂತ್ರ ಗಂಟೆಗಟ್ಟಲೆ ಕೋಶದ ಗೋಡೆಗೆ ತಾಗಿಕೊಂಡು ಕೂತಿರುತ್ತದೆ. ಜರ್ಮನಿಯ ಲುಡ್ವಿಗ್ ರೇನ್ ಎಂಬ ಸರ್ಜನ್ 1895ರಲ್ಲೇ ಬಣ್ಣದ ಕಾರ್ಖಾನೆಯ ಕೂಲಿಗಳಲ್ಲಿ ಈ ರೋಗವನ್ನು ಗುರುತಿಸಿದ್ದ. ಅದೇ ಜಾತಿಯ ರಾಸಾಯನಿಕ ತಂಬಾಕಿನ ಹೊಗೆಯಲ್ಲೂ ಇದೆ. ಕರ್ನಾಟಕದಲ್ಲಿ ಬಿಡಿ ಸಿಗರೇಟು ಮಾರಬಾರದು ಅಂತ 2017ರಲ್ಲೇ ಆದೇಶವಾಯಿತು. ಆದೇಶ ಎಷ್ಟರಮಟ್ಟಿಗೆ ನಡೆಯುತ್ತಿದೆ ಅನ್ನುವುದು ಶ್ರೀನಗರ ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತವರಿಗೆಲ್ಲ ಗೊತ್ತು, ಬರೆಯುವುದು ಬೇಡ.

ಈ ರೋಗದ ಇನ್ನೊಂದು ಗುಣ, ಮತ್ತೆ ಮತ್ತೆ ಬರುವುದು. ಮೂತ್ರದ ದಾರಿಯಲ್ಲೇ ಉಪಕರಣ ತೂರಿಸಿ ಗೆಡ್ಡೆ ಕೆರೆದು ತೆಗೆದರೆ ಮುಗಿಯಲಿಲ್ಲ. ಜೋರಿನ ರೋಗವಾದರೆ ಮೊದಲ ಎರಡು ವರ್ಷ ಮೂರು ಮೂರು ತಿಂಗಳಿಗೊಮ್ಮೆ ದುರ್ಬೀನಿನ ನಳಿಗೆ ಒಳಗೆ ಬಿಟ್ಟು ನೋಡಬೇಕು. ಸಿಸ್ಟೋಸ್ಕೋಪಿ ಅಂತ ಅದಕ್ಕೆ ಹೆಸರು. ಲೆಕ್ಕ ಹಾಕಿ, ಎರಡು ವರ್ಷಕ್ಕೆ ಎಂಟು ಸಲ. ಎಂಟು ದಿನ ಅಂಗಡಿ ಬಾಗಿಲು ಹಾಕಬೇಕು, ಜೊತೆಗೆ ಬರಲು ಮಗನೋ ಅಳಿಯನೋ ರಜೆ ಹಾಕಬೇಕು. ಮಾರ್ಕೆಟ್ಟಿನಲ್ಲಿ ಇಳಿದರೆ ವಿಕ್ಟೋರಿಯಾ ಆವರಣದ ನೆಫ್ರೋ-ಯೂರಾಲಜಿ ಸಂಸ್ಥೆ, ಇನ್ನೊಂದು ಬಸ್ ಹತ್ತಿದರೆ ಹೊಸೂರು ರಸ್ತೆಯಲ್ಲಿ 1973ರಿಂದ ಇರುವ ಕಿದ್ವಾಯಿ. ಉರಿ, ಸಂಕೋಚ, ಕ್ಯೂ ಇವೆಲ್ಲ ಬೇರೆ. ನಾಲ್ಕನೇ ಸಲಕ್ಕೆ ‘ಈಗ ಚೆನ್ನಾಗಿದೀನಿ ಬಿಡಿ’ ಅಂತ ರೋಗಿ ತಪ್ಪಿಸಿಕೊಂಡರೆ ಅವನನ್ನು ಬೈದು ಏನು ಪ್ರಯೋಜನ?

ಇಂಥವರಿಗೆ ಆಸೆ ಹುಟ್ಟಿಸುವ ಸಂಗತಿ ಈಗ ಬಂದಿದೆ. ಕೋಶದ ಗೋಡೆಯ ಗೆಡ್ಡೆ ತನ್ನ ಕಣಗಳನ್ನೂ ಡಿ.ಎನ್.ಎ. ಚೂರುಗಳನ್ನೂ ಮೂತ್ರಕ್ಕೆ ಉದುರಿಸುತ್ತಲೇ ಇರುತ್ತದೆ. ಕಣಗಳನ್ನು ಮೈಕ್ರೋಸ್ಕೋಪಿನಲ್ಲಿ ಹುಡುಕುವುದು 1945ರಿಂದ ಬಂದ ಹಳೇ ಕ್ರಮ. ಸಣ್ಣ ಗೆಡ್ಡೆಗಳು ಅದರ ಕಣ್ಣು ತಪ್ಪಿಸುತ್ತವೆ. ಈಗಿನ ಪರೀಕ್ಷೆ ಆ ಡಿ.ಎನ್.ಎ. ಚೂರುಗಳಲ್ಲೇ ಕೆಟ್ಟ ಅಕ್ಷರ ಎಲ್ಲಿದೆ ಅಂತ ಓದುತ್ತದೆ. ಟರ್ಟ್, ಎಫ್.ಜಿ.ಎಫ್.ಆರ್.-3 ಇತ್ಯಾದಿ ಜೀನ್‌ಗಳ ಹೆಸರು ನೆನಪಿಡಬೇಕಿಲ್ಲ. ಮೂತ್ರ ಅಂದಕೂಡಲೇ ಮೊರಾರ್ಜಿ ದೇಸಾಯಿ ಅವರನ್ನು ನೆನೆದು ನಗುವ ಹಿರಿಯರು ಕುಮಾರಸ್ವಾಮಿ ದೇವಸ್ಥಾನದ ಮೆಟ್ಟಿಲ ಮೇಲೆ ಈಗಲೂ ಸಿಗುತ್ತಾರೆ. ಇದು ಕುಡಿಯುವ ವಿಚಾರ ಅಲ್ಲ ಸ್ವಾಮಿ, ಓದುವ ವಿಚಾರ.

ಓದಿ ಏನು ಮಾಡುತ್ತಾರೆ ಅನ್ನುವುದೇ ಮುಖ್ಯ. ಗೆಡ್ಡೆ ಕೆರೆದ ಮೇಲೆ ಕ್ಷಯಕ್ಕೆ ಕೊಡುವ ಅದೇ ಬಿ.ಸಿ.ಜಿ. ಲಸಿಕೆಯನ್ನು ವಾರಕ್ಕೊಮ್ಮೆಯಂತೆ ಆರು ವಾರ ಮೂತ್ರಕೋಶಕ್ಕೆ ಬಿಡುವ ಚಿಕಿತ್ಸೆ 1976ರಲ್ಲಿ ಕೆನಡಾದ ಡಾ. ಮೊರಾಲೆಸ್ ವರದಿ ಮಾಡಿದಂದಿನಿಂದ ನಡೆದುಬಂದಿದೆ. ಕೆಲವರಿಗೆ ಇದು ಹಿಡಿಯುತ್ತದೆ, ಕೆಲವರಿಗೆ ಹಿಡಿಯುವುದಿಲ್ಲ. ಹಿಡಿಯದವನಿಗೆ ಅದನ್ನೇ ಮತ್ತೆ ಮತ್ತೆ ಬಿಡುತ್ತ ಕೂತರೆ ರೋಗ ಗೋಡೆಯ ಮಾಂಸಕ್ಕೆ ಇಳಿಯಬಹುದು. ಹಿಡಿದವನ ಕೋಶವನ್ನು ಅವಸರಪಟ್ಟು ಕತ್ತರಿಸಿದರೆ ಅವನು ಬಾಳಿಡೀ ಹೊಟ್ಟೆಗೆ ಚೀಲ ಅಂಟಿಸಿಕೊಂಡು ಕೌಂಟರಿನಲ್ಲಿ ಕೂರಬೇಕಾಗಬಹುದು. ಬಿ.ಸಿ.ಜಿ. ಆದಮೇಲೂ ಮೂತ್ರದಲ್ಲಿ ಗೆಡ್ಡೆಯ ಡಿ.ಎನ್.ಎ. ಉಳಿದವರಲ್ಲಿ ರೋಗ ಮರಳುವುದು ಹೆಚ್ಚು ಅಂತ ವಿದೇಶದ ಅಧ್ಯಯನಗಳು ತೋರಿಸಿವೆ. ಮುಂದಿನ ಹೆಜ್ಜೆ ಯಾವುದು ಅಂತ ಡಾಕ್ಟರು ಯೋಚಿಸುವಾಗ ಇದು ಒಂದು ಸುಳಿವು. ಎಫ್.ಜಿ.ಎಫ್.ಆರ್. ಕೆಟ್ಟಿರುವ, ಹರಡಿದ ರೋಗಕ್ಕೆ ಅಂತಲೇ ಒಂದು ಮಾತ್ರೆಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿದೆ. ಆ ಮಾತ್ರೆಗೆ ಮಾಮೂಲಿಯಾಗಿ ಜೀನ್ ನೋಡುವುದು ಗೆಡ್ಡೆಯ ಚೂರಿನಲ್ಲೇ.

ಹಾಗಂತ ಇಂಥ ಪರೀಕ್ಷೆ ಬಂತು, ನಳಿಗೆ ಹೋಯಿತು ಅಂತ ಯಾರಾದರೂ ಹೇಳಿದರೆ ನಂಬಬಾರದು. ಜೋರಿನ ರೋಗ ಇದ್ದವನಿಗೆ ಮೂತ್ರದ ರಿಪೋರ್ಟ್ ‘ಏನಿಲ್ಲ’ ಅಂದರೂ ನಳಿಗೆಯ ಪರೀಕ್ಷೆ ಬಿಡುವಂತಿಲ್ಲ. ಕೆಲವೊಮ್ಮೆ ರಿಪೋರ್ಟ್ ‘ಇದೆ’ ಅನ್ನುತ್ತದೆ, ನಳಿಗೆಯಲ್ಲಿ ಏನೂ ಕಾಣುವುದಿಲ್ಲ. ಕಣ್ಣಿಗೆ ಬೀಳುವ ಮುಂಚೆಯೇ ಸಿಕ್ಕ ಸುಳಿವೋ, ಬರೀ ಸುಳ್ಳು ಗಂಟೆಯೋ? ಅದನ್ನು ಬಿಡಿಸಿ ಹೇಳಲು ಅನುಭವಸ್ಥ ಡಾಕ್ಟರು ಬೇಕು, ಲ್ಯಾಬಿನ ಸೇಲ್ಸ್‌ಮನ್ ಅಲ್ಲ. ‘ಫುಲ್ ಬಾಡಿ ಪ್ಯಾಕೇಜ್’ ಮಾರುವವರು ಇದನ್ನೂ ಆ ಪಟ್ಟಿಗೆ ಸೇರಿಸಿ ಆರೋಗ್ಯವಂತರ ಜೇಬಿಗೆ ಕೈಹಾಕುವ ಮುನ್ನ ಸರ್ಕಾರ ಎಚ್ಚೆತ್ತುಕೊಳ್ಳುವುದು ಒಳ್ಳೆಯದು.

ಸರ್ಕಾರ ಮಾಡಬಹುದಾದ್ದು ದೊಡ್ಡದೇನಲ್ಲ. ಜೀನ್ ಓದುವ ಲ್ಯಾಬುಗಳಿಗೆ ಈ ಊರಿನಲ್ಲಿ ಬರವಿಲ್ಲ, ವಿಜ್ಞಾನಿಗಳಿಗೂ ಬರವಿಲ್ಲ. ಮಾರುಕಟ್ಟೆಗೆ ಬಂದಿರುವ ಹೆಸರಾಂತ ಪರೀಕ್ಷೆಗಳು ನ್ಯೂಜಿಲೆಂಡ್, ಅಮೆರಿಕ, ಪೋರ್ಚುಗಲ್ ಕಡೆಯವು, ಅಲ್ಲಿಯ ರೋಗಿಗಳ ಮೇಲೆ ತೂಗಿ ನೋಡಿದವು. ನಮ್ಮ ಬೀಡಿ ಸೇದಿದವನ ಮೂತ್ರದಲ್ಲಿ ಅವು ಅಷ್ಟೇ ಸರಿಯಾಗಿ ನಡೆಯುತ್ತವೆಯೋ ಅಂತ ಕಿದ್ವಾಯಿ ಮತ್ತು ವಿಕ್ಟೋರಿಯಾ ಆವರಣದ ರೋಗಿಗಳಲ್ಲಿ, ಅವರ ಒಪ್ಪಿಗೆ ಪಡೆದು, ಪುಕ್ಕಟೆಯಾಗಿ ಪರೀಕ್ಷಿಸಿ ನೋಡಲಿ. ಫಲಿತಾಂಶ ಒಳ್ಳೆಯದಿದ್ದರೆ ಆರೋಗ್ಯ ಯೋಜನೆಯ ಪಟ್ಟಿಗೆ ಸೇರಿಸಲಿ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎ.ಪಿ.ಎಲ್.ನವರಿಗೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ. ಸಣ್ಣ ಅಂಗಡಿ ಇಟ್ಟವನು ಕಾರ್ಡಿನಲ್ಲಿ ಶ್ರೀಮಂತ, ಗಲ್ಲಾದಲ್ಲಿ ಬಡವ. ಮೂರು ತಿಂಗಳಿಗೊಮ್ಮೆ ಕೈಯಿಂದ ದುಡ್ಡು ಹಾಕುವವನು ಅವನೇ.

ಅಲ್ಲಿಯವರೆಗೆ, ಇವತ್ತು ಬೆಳಿಗ್ಗೆ ಕೆಂಪಗೆ ಹೋದವರು ಜೀನ್ ಟೆಸ್ಟಿಗೆ ಕಾಯಬೇಕಿಲ್ಲ. ಮಾಮೂಲಿ ಮೂತ್ರ ಪರೀಕ್ಷೆ, ಸ್ಕ್ಯಾನ್, ಬೇಕೆಂದರೆ ಒಂದು ಸಲ ನಳಿಗೆ ಇವೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿವೆ. ಎಳನೀರು ಕುಡಿಯಲಿ, ಬೇಡ ಅಂದವರಾರು? ಕುಡಿದು ಅದೇ ವಾರ ಮಾರ್ಕೆಟ್ ಬಸ್ ಹತ್ತಲಿ, ಎಷ್ಟು ವರ್ಷದಿಂದ ಸೇದುತ್ತಿದ್ದಾರೆ ಅನ್ನುವುದನ್ನು ಡಾಕ್ಟರ ಮುಂದೆ ಮುಚ್ಚಿಡದೆ ಹೇಳಲಿ.