ಉಸಿರು ಮುಗಿಯುವುದಿಲ್ಲ, ಉಳಿಯುತ್ತದೆ!



ಪಾಶ್ಚಾತ್ಯ ವಾದ್ಯವೃಂದ ಶ್ರುತಿ ಕೂಡಿಸುವಾಗ ಸಾಮಾನ್ಯವಾಗಿ ಮೊದಲು ನುಡಿಯುವುದು ಓಬೋ. ನಮ್ಮ ನಾಗಸ್ವರ, ಶಹನಾಯಿಗಳಂತೆ ಇದೂ ಜೋಡಿ ರೀಡಿನ ವಾದ್ಯ.

ಇದರ ವಾದನವನ್ನು ಮೊಬೈಲಿನಲ್ಲಿ ನೋಡಿದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಅಷ್ಟು ಹೊತ್ತು ಊದಿದ ಮೇಲೆ ಎದೆ ಖಾಲಿಯಾಗಿರಬೇಕಲ್ಲ? ಆದರೂ ಅವರು ಉಸಿರು ಎಳೆದುಕೊಳ್ಳುವ ಮೊದಲು ಮತ್ತೆ ಹೊರಗೇಕೆ ಬಿಡುತ್ತಾರೆ?" "ದಣಿವಾರಿಸಿಕೊಳ್ಳಲು" ಎಂದುಬಿಟ್ಟೆ. ರಾತ್ರಿ ಯೋಚಿಸಿದಾಗ ನನ್ನ ಉತ್ತರ ತಪ್ಪೆಂದು ತಿಳಿಯಿತು. ಮರುದಿನ ತರಗತಿಯಲ್ಲೇ ತಿದ್ದಿಕೊಂಡೆ.

ಓಬೋ ರೀಡು ಎಂದರೆ ಜೊಂಡಿನಂಥ ಒಂದು ಹುಲ್ಲಿನ ಕಾಂಡದಿಂದ ಹೆರೆದು, ಎದುರುಬದುರಾಗಿ ಕಟ್ಟಿದ ಎರಡು ತೆಳು ಪಟ್ಟಿಗಳು. ನಡುವಿನ ಬಿರುಕು ಒಂದು ಮಿಲಿಮೀಟರಿಗೂ ಕಿರಿದು. ಮಾತನಾಡುವಾಗ ನಮ್ಮ ಉಸಿರಿನ ಒತ್ತಡ 10 ಸೆಂಟಿಮೀಟರ್ ನೀರನ್ನು ಮೇಲೆತ್ತಿದರೆ ಹೆಚ್ಚು. ಓಬೋ ನುಡಿಸಲು ಸುಮಾರು 40-50 ಸೆಂಟಿಮೀಟರ್ ಎತ್ತುವಷ್ಟು ಒತ್ತಡ ಬೇಕು. ಆದರೆ ಬಿರುಕಿನಲ್ಲಿ ನುಸುಳುವ ಗಾಳಿ ಅತ್ಯಲ್ಪ.

ಓಮನ ನಿಯಮ ನೆನಪಿದೆಯೇ? ವೋಲ್ಟೇಜನ್ನು ವಿದ್ಯುತ್ ಪ್ರವಾಹದಿಂದ ಭಾಗಿಸಿದರೆ ರೋಧ. ಹಾಗೆಯೇ ಇಲ್ಲಿ ಒತ್ತಡವನ್ನು ಗಾಳಿಯ ಹರಿವಿನಿಂದ ಭಾಗಿಸಿದರೆ ರೀಡಿನ ರೋಧ. ಒಂದು ವ್ಯತ್ಯಾಸವುಂಟು: ತಂತಿಯ ರೋಧ ಸ್ಥಿರ, ರೀಡಿನದು ಸ್ಥಿರವಲ್ಲ. ಜೋರಾಗಿ ಊದಿದಷ್ಟೂ ಪಟ್ಟಿಗಳು ಹತ್ತಿರ ಬಂದು ರೋಧ ಏರುತ್ತದೆ. ಅತಿಯಾದರೆ ಬಿರುಕು ಮುಚ್ಚಿ ನಾದವೇ ನಿಲ್ಲುತ್ತದೆ.

ಹಾಗಾಗಿ ವಾದಕನ ಕಷ್ಟ ಗಾಳಿ ಮುಗಿಯಿತೆಂಬುದಲ್ಲ, ಹೊರಹೋಗಲಿಲ್ಲವೆಂಬುದು. ಎದೆಯಲ್ಲಿ ಉಳಿದ ಗಾಳಿಯಲ್ಲಿ ಆಮ್ಲಜನಕ ಇಳಿದು, ಇಂಗಾಲದ ಡೈಆಕ್ಸೈಡ್ ಏರಿರುತ್ತದೆ. ಉಸಿರುಗಟ್ಟಿದಂತಾಗುವುದು ಮುಖ್ಯವಾಗಿ ಈ ಏರಿಕೆಯಿಂದ. ಹಳೆಯ ಗಾಳಿಯನ್ನು ಹೊರಹಾಕಿದರೆ ತಾನೇ ಹೊಸದಕ್ಕೆ ಜಾಗ?

ಮನೆಯಲ್ಲೇ ಪರೀಕ್ಷಿಸಿ. ತೆಂಗಿನ ಗರಿಯನ್ನು ಸುತ್ತಿ, ಕಿರಿದಾದ ತುದಿಯನ್ನು ಚಪ್ಪಟೆ ಮಾಡಿದರೆ ಪೀಪಿ ಸಿದ್ಧ. ಇದೂ ಜೋಡಿ ರೀಡೇ. ತೀರ ಮೆಲ್ಲಗೆ ಊದಿ, ನುಡಿಯದು. ತುಸು ಹೆಚ್ಚಿಸಿ, ನುಡಿಯುತ್ತದೆ. ತುಟಿ ಬಿಗಿದು ಬಲವಾಗಿ ಊದಿ, ಮೂಕವಾಗುತ್ತದೆ. ತಲೆ ಸುತ್ತಿದಂತಾದರೆ ತಕ್ಷಣ ನಿಲ್ಲಿಸಿ.

ಪೋಷಕರಿಗೊಂದು ಮಾತು. ಮಗುವಿನ ಪೀಪಿ ನುಡಿಯದಿದ್ದರೆ "ಇನ್ನೂ ಜೋರಾಗಿ ಊದು" ಎಂದು ಗದರಬೇಡಿ. ತುಟಿ ಸಡಿಲಿಸಿ, ಉಸಿರು ಬಿಟ್ಟು, ಮತ್ತೆ ಊದಲು ಹೇಳಿ. ನಮ್ಮ ತರಗತಿಯಲ್ಲಿ ಮೊದಲು ಪೀಪಿ ನುಡಿಸಿದ್ದು ಪ್ರಶ್ನೆ ಕೇಳಿದ ಆ ಹುಡುಗಿಯೇ, ಕೊನೆಯವನು ನಾನು!