ಮುಂದೇನು ಓದಲಿ?

"ಒಂದು ಒಳ್ಳೆ ಕನ್ನಡ ಪುಸ್ತಕ ಹೇಳಿ." ಫೇಸ್‌ಬುಕ್ಕಿನ ಓದುಗರ ಬಳಗಕ್ಕೋ ವಾಟ್ಸ್‌ಆ್ಯಪ್ ಗುಂಪಿಗೋ ಈ ಒಂದು ಸಾಲು ಬಂದು ಬಿದ್ದರೆ ಸಾಕು, ಉತ್ತರಗಳು ಮುಗಿಬೀಳುತ್ತವೆ. ‘ಕರ್ವಾಲೊ’ ಓದಿ, ‘ಪರ್ವ’ ಓದಿ, ‘ಮಲೆಗಳಲ್ಲಿ ಮದುಮಗಳು’ ಓದದೆ ಇರಲೇಬೇಡಿ! ಹೆಸರಿಸಿದ ಒಂದೊಂದು ಪುಸ್ತಕವೂ ಘನವಾದದ್ದೇ, ಅದರಲ್ಲಿ ತಕರಾರಿಲ್ಲ. ಆದರೆ ಕೇಳಿದವರ ವಯಸ್ಸು ಹದಿನಾರೋ ಅರವತ್ತೋ, ಅವರು ಇದುವರೆಗೆ ಓದಿರುವುದೇನು, ಪುಸ್ತಕ ಅವರ ಕೈಗೆ ಸಿಗುವುದೆಲ್ಲಿ ಎಂದು ತಿರುಗಿ ಕೇಳುವವರು ಅಪರೂಪ. ಕೇಳಿದವರೂ ಅದನ್ನು ಹೇಳಿರುವುದಿಲ್ಲ. ಹೀಗಾಗಿ ಹೈಸ್ಕೂಲು ಹುಡುಗಿಗೂ ನಿವೃತ್ತ ಮೇಷ್ಟರಿಗೂ ದಕ್ಕುವುದು ಒಂದೇ ಪಟ್ಟಿ.

ಅಪರಿಚಿತರು ಕೊಡುವ ಇಂಥ ಸಲಹೆ ಓದನ್ನು ಬೆಳೆಸುತ್ತದೆಯೇ, ಇಲ್ಲ ಎಲ್ಲರನ್ನೂ ಅವೇ ಹತ್ತು ಪುಸ್ತಕಗಳ ಮುಂದೆ ತಂದು ನಿಲ್ಲಿಸುತ್ತದೆಯೇ? ಬೆಂಗಳೂರಿನಲ್ಲಿ ಕುಳಿತು ಕೇಳಿದರೆ ಇದು ಕಾಫಿ ಹೊತ್ತಿನ ಹರಟೆ. ಚಾಮರಾಜನಗರದಲ್ಲೋ ಗುಂಡ್ಲುಪೇಟೆಯಲ್ಲೋ ಕೇಳಿದರೆ ಹಾಗಲ್ಲ. ಗಾಂಧಿ ಬಜಾರಿನ ಅಂಕಿತದಂಥ ಅಂಗಡಿಯ ಕಪಾಟುಗಳ ನಡುವೆ ಸುಳಿದಾಡಿ, ನಾಲ್ಕು ಪುಸ್ತಕದ ಬೆನ್ನುಡಿ ಓದಿ, ಐದನೆಯದನ್ನು ಕೊಳ್ಳುವ ಸುಖ ನಗರದವರದು. ಮೈಸೂರು ಜಿಲ್ಲೆಯಿಂದ 1997ರಲ್ಲಿ ಬೇರೆಯಾದ ಈ ಗಡಿ ಜಿಲ್ಲೆಯ ಓದುಗರಿಗೆ ಆಯ್ಕೆ ಬೇಕೆಂದರೆ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿಗೆ ಬಸ್ಸು ಹತ್ತಬೇಕು. ಅಲ್ಲಿಗೆ ಹೋಗುವ ಮುಂಚೆಯೇ ಯಾವ ಪುಸ್ತಕ ಬೇಕೆಂಬುದು ಗೊತ್ತಿರಬೇಕು. ಅದನ್ನು ಹೇಳುವವರು ಈಗ ಮೊಬೈಲಿನಲ್ಲಿ ಸಿಗುತ್ತಾರೆ. ಆನ್‌ಲೈನ್ ಬಳಗಗಳನ್ನು ಗೇಲಿ ಮಾಡುವ ಮುನ್ನ ಈ ಉಪಕಾರವನ್ನು ಲೆಕ್ಕಕ್ಕೆ ಹಿಡಿಯಬೇಕು.

ಓದುಗರನ್ನು ಹುಡುಕಿಕೊಂಡು ಹೋಗಿ "ಇದನ್ನು ಓದಿ" ಎನ್ನುವುದು ಕನ್ನಡದಲ್ಲಿ ಹಳೆಯ ಕೆಲಸ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕಟ್ಟಿಕೊಂಡು, ಸಂಪಾದಕರು ಆರಿಸಿದ ಪುಸ್ತಕಗಳನ್ನು ಅವರ ಮನೆಗೇ ಕಳಿಸಿತು. ಏನು ಓದಬೇಕೆಂಬ ತೀರ್ಮಾನವನ್ನು ಓದುಗರು ಮಾಲೆಯ ಸ್ಥಾಪಕರಾದ ಜಿ.ಬಿ. ಜೋಶಿಯವರಿಗೆ ಬಿಟ್ಟಿದ್ದರು. ಗುಂಡ್ಲುಪೇಟೆಗೂ ಈ ಪರಂಪರೆಯಲ್ಲಿ ಒಂದು ಪಾಲಿದೆ. ‘ರತ್ನನ ಪದಗಳು’ ಬರೆದ ಜಿ.ಪಿ. ರಾಜರತ್ನಂ ಅವರ ಹೆಸರಿನ ಮೊದಲೆರಡು ಅಕ್ಷರ ಗುಂಡ್ಲು ಪಂಡಿತ ಮನೆತನದ ಗುರುತು. ಬರೆದು ಸುಮ್ಮನಾಗದೆ ತಾವೇ ಅಚ್ಚು ಹಾಕಿಸಿ, ತಾವೇ ಮಾರಿ, ಕಾಲೇಜು ಹುಡುಗರ ಕೈಗೆ ಕನ್ನಡ ಪುಸ್ತಕ ಹಿಡಿಸಿದವರು ಅವರು. ಈ ಮೂರೂ ಕಡೆ ಹೇಳುವವರಿಗೊಂದು ಹೆಸರಿತ್ತು. ಪುಸ್ತಕ ಹಿಡಿಸದಿದ್ದರೆ ಯಾರನ್ನು ಕೇಳಬೇಕೆಂಬುದು ಓದುಗನಿಗೆ ಗೊತ್ತಿತ್ತು.

ಈಗಿನ ವ್ಯವಸ್ಥೆಯಲ್ಲಿ ಹೆಸರಿನ ಜಾಗಕ್ಕೆ ಅಂಕಿ ಬಂದಿದೆ. 2007ರಲ್ಲಿ ಆರಂಭವಾಗಿ 2013ರಲ್ಲಿ ಅಮೆಜಾನ್ ಪಾಲಾದ ಗುಡ್‌ರೀಡ್ಸ್, ಓದುಗರಿಂದ ಒಂದರಿಂದ ಐದು ನಕ್ಷತ್ರ ಕೊಡಿಸಿ ಸರಾಸರಿ ತೆಗೆಯುತ್ತದೆ. ಲಕ್ಷಾಂತರ ಮಂದಿ ಓದುವ ಇಂಗ್ಲಿಷ್ ಕಾದಂಬರಿಗೆ ಈ ಸರಾಸರಿಯಿಂದ ಒಂದಿಷ್ಟು ಅರ್ಥ ಬರಬಹುದು. ಸಾವಿರ ಪ್ರತಿ ಅಚ್ಚಾದರೆ ಅದೇ ಹೆಚ್ಚು ಎನ್ನುವ ಕನ್ನಡದ ಕಥಾಸಂಕಲನಕ್ಕೆ ಹತ್ತು ಮಂದಿ ನಕ್ಷತ್ರ ಕೊಟ್ಟರೆ ಆ ಅಂಕಿ ಯಾರ ರುಚಿಯನ್ನು ಹೇಳುತ್ತದೆ? ಮೊದಲೇ ಹೆಸರಾದ ಪುಸ್ತಕಕ್ಕೆ ಇನ್ನಷ್ಟು ನಕ್ಷತ್ರ ಸಿಗುತ್ತದೆ, ಉಳಿದದ್ದು ಪಟ್ಟಿಯ ತಳ ಸೇರುತ್ತದೆ.

ಸರಾಸರಿಯ ಸೋಲು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ. 1984ರಲ್ಲಿ ಬಂದ, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಪುಟ್ಟ ಕಾದಂಬರಿಯನ್ನು ಹೆಸರಿಸುವಾಗಲೆಲ್ಲ "ಭಾಷೆ ಕಷ್ಟ, ಆಮೇಲೆ ಓದಿ" ಎಂಬ ಎಚ್ಚರಿಕೆ ಜೊತೆಗೇ ಬರುತ್ತದೆ. ವಿದ್ವಾಂಸರಾದ ಎಲ್. ಬಸವರಾಜು ಅವರು ಓದುಗರಿಗೆ ಸುಲಭವಾಗಲೆಂದು ಅದನ್ನು ಪದ್ಯದ ಸಾಲುಗಳಾಗಿ ಬಿಡಿಸಿಕೊಟ್ಟದ್ದೂ ಉಂಟು. ಧಾರವಾಡದ ಅಥವಾ ಮಂಗಳೂರಿನ ಓದುಗರಿಗೆ ಆ ಎಚ್ಚರಿಕೆ ಸರಿಯೇ. ಆದರೆ ದೇವನೂರು ಇರುವ ನಂಜನಗೂಡು ತಾಲ್ಲೂಕು ಗುಂಡ್ಲುಪೇಟೆ, ಚಾಮರಾಜನಗರಗಳಿಗೆ ಒತ್ತಿಕೊಂಡೇ ಇದೆ. ಈ ಸೀಮೆಯ ಹಟ್ಟಿಯಲ್ಲಿ, ಹೊಲದ ಬದುವಿನಲ್ಲಿ ಮಾತು ಕೇಳಿ ಬೆಳೆದ ಹುಡುಗನಿಗೆ ಆ ಕನ್ನಡ ಅವನ ಅವ್ವನ ಕನ್ನಡ. ಅವನಿಗೆ ಕೊಡಬೇಕಾದ ಮೊದಲ ಪುಸ್ತಕವನ್ನೇ ಬಳಗದ ಸಾಮೂಹಿಕ ಬುದ್ಧಿ ಕೊನೆಗೆ ತಳ್ಳುತ್ತದೆ. ಹೇಳಿದವರಲ್ಲಿ ಯಾರದೂ ಕೆಟ್ಟ ಉದ್ದೇಶವಿಲ್ಲ. ಅವನು ಎಲ್ಲಿಯವನೆಂಬುದು ಅವರಿಗೆ ತಿಳಿಯದು, ಅಷ್ಟೇ.

ಇದೇ ಸೀಮೆಯ ಕಂಸಾಳೆಯವರನ್ನು ನೋಡಿ. ಅವರು ಹಾಡುವ ಮಲೆ ಮಾದೇಶ್ವರನ ಕಾವ್ಯ ಒಂದು ರಾತ್ರಿಗೆ ಮುಗಿಯುವಂಥದ್ದಲ್ಲ. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು ಎಂದು ಅದು ಹಲವು ಸಾಲುಗಳಾಗಿ ಹರಡಿದೆ. ಆ ರಾತ್ರಿಗೆ ಯಾವುದು ಎಂದು ಆರಿಸಲೇಬೇಕು. ಆರಿಸುವಾಗ ಎದುರಿಗೆ ಕೂತವರ ಮುಖ ಕಾಣುತ್ತಿರುತ್ತದೆ. ಆನ್‌ಲೈನ್ ಸಲಹೆಗಾರರಿಗೆ ಇಲ್ಲದಿರುವುದು ಈ ಅನುಕೂಲ.

ಇಲ್ಲದ್ದನ್ನು ಮಾತಿನಿಂದ ತುಂಬಿಕೊಳ್ಳಬಹುದು ಎಂಬುದಕ್ಕೂ ಉದಾಹರಣೆಯಿದೆ. ಬಂಡೀಪುರದ ಅಂಚಿನ ಹಳ್ಳಿಯ ಹುಡುಗಿಯೊಬ್ಬಳು "ನನಗೆ ಕಾಡಿನ ಪುಸ್ತಕ ಇಷ್ಟ, ತೇಜಸ್ವಿಯವರ ಕಾಡಿನ ಕತೆಗಳನ್ನು ಓದಿ ಮುಗಿಸಿದ್ದೇನೆ, ಮುಂದೇನು?" ಎಂದು ಕೇಳಿದಳೆನ್ನಿ. ಆ ಕತೆಗಳ ಮೂಲ ಕೆನೆತ್ ಆಂಡರ್ಸನ್ ಎಂದು ಒಬ್ಬರು ಹೇಳುತ್ತಾರೆ. 1997ರಲ್ಲಿ ಬಂಡೀಪುರದಿಂದಲೇ ವೀರಪ್ಪನ್ ಅಪಹರಿಸಿದ್ದ ಕೃಪಾಕರ–ಸೇನಾನಿ ಜೋಡಿ ಆ ಹದಿನಾಲ್ಕು ದಿನಗಳ ಬಗ್ಗೆ ಪುಸ್ತಕ ಬರೆದಿದೆ ಎಂದು ಇನ್ನೊಬ್ಬರು ಸೇರಿಸುತ್ತಾರೆ. ಚಾಮರಾಜನಗರದ ಸುತ್ತ ಖೆಡ್ಡಾ ನಡೆಸಿ ಆನೆ ಹಿಡಿಸಿದ ಜಿ.ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ‘ಥರ್ಟೀನ್ ಇಯರ್ಸ್ ಅಮಂಗ್ ದ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ’ ಕೃತಿಯತ್ತ ಮೂರನೆಯವರು ಬೊಟ್ಟು ಮಾಡುತ್ತಾರೆ. ಕೇಳಿದವಳು ತನ್ನ ಬಗ್ಗೆ ಎರಡು ಮಾತು ಹೇಳಿದ್ದರಿಂದ ಒಂದೂವರೆ ಶತಮಾನದ ದಾರಿ ತೆರೆಯಿತು. ಇಷ್ಟು ಬಗೆಯ ಓದುಗರನ್ನು ಒಟ್ಟಿಗೆ ಸೇರಿಸುವುದು ಒಂದು ಊರಿನ ಪುಸ್ತಕದಂಗಡಿಗೆ ಸಾಧ್ಯವಾಗದು. ಬಳಗಗಳ ನಿಜವಾದ ಬಲ ಇಲ್ಲಿದೆ.

ಅಲೆ ಎಬ್ಬಿಸುವ ಬಲ ಬೇರೆ. 2022ರಲ್ಲಿ ದೇವನೂರರ ‘ಆರ್‌ಎಸ್‌ಎಸ್: ಆಳ ಮತ್ತು ಅಗಲ’ ಕಿರುಹೊತ್ತಗೆಯನ್ನು ಹಲವು ಪ್ರಕಾಶಕರು ಏಕಕಾಲಕ್ಕೆ ಅಚ್ಚು ಹಾಕಿದರು, ಒಪ್ಪಿದವರೂ ಒಪ್ಪದವರೂ ಮೊಬೈಲಿನಲ್ಲಿ ಅದರ ಬಗ್ಗೆ ಬಡಿದಾಡಿದರು, ಪ್ರತಿಗಳು ಲಕ್ಷ ದಾಟಿದವು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕಾಗಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ಅದರ ಮೂಲ ಕತೆಗಳು ಮೂರು ದಶಕಗಳಿಂದ ಕನ್ನಡದಲ್ಲೇ ಇದ್ದವು. ಪಕ್ಕದ ಹಾಸನದ ಲೇಖಕಿಯನ್ನು ಓದಲು ಲಂಡನ್ನಿನ ಶಿಫಾರಸು ಬೇಕಾಯಿತಲ್ಲ ಎಂಬ ಪ್ರಶ್ನೆಯನ್ನು ಓದುಗರ ಬಳಗಗಳು ತಮಗೆ ತಾವೇ ಕೇಳಿಕೊಳ್ಳಬೇಕು.

ಹೆಸರು ಗೊತ್ತಾದ ಮೇಲಿನ ಮಾತು ಇನ್ನೂ ಕಷ್ಟದ್ದು. ಪುಸ್ತಕ ಅಚ್ಚಿನಲ್ಲಿಲ್ಲ, ಇದ್ದರೆ ಅಂಚೆ ವೆಚ್ಚ ಸೇರಿ ಬೆಲೆ ಏರುತ್ತದೆ. ಆಗ ಬರುವ ಪ್ರಶ್ನೆ: "ಪಿಡಿಎಫ್ ಇದ್ಯಾ?" ಬಳಗಗಳ ದೊಡ್ಡ ಜಗಳವೇ ಇದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. 1942ರಲ್ಲಿ ತೀರಿಕೊಂಡ ಗಳಗನಾಥರನ್ನು, ಸ್ಯಾಂಡರ್ಸನ್‌ನನ್ನು ಯಾರು ಬೇಕಾದರೂ ಹಂಚಿಕೊಳ್ಳಬಹುದು. 1994ರಲ್ಲಿ ನಿಧನರಾದ ಕುವೆಂಪು ಅವರ ಕೃತಿಗಳ ಹಕ್ಕು 2054ರವರೆಗೂ ಇದೆ. ಸಾವಿರ ಪ್ರತಿಯ ಮಾರುಕಟ್ಟೆಯಲ್ಲಿ ಇನ್ನೂರು ಕಳ್ಳ ಪಿಡಿಎಫ್ ಹರಿದಾಡಿದರೆ ಎರಡನೇ ಮುದ್ರಣದ ಆಸೆ ಬಿಡಬೇಕು. "ಓದುಗ ಬಡವ" ಎಂಬ ವಾದ ಸುಳ್ಳಲ್ಲ. ಆದರೆ ಅದರ ಭಾರವನ್ನು ಹೊರಬೇಕಾದ್ದು ಲೇಖಕನಲ್ಲ, ಗ್ರಂಥಾಲಯ.

ಗ್ರಂಥಾಲಯವೇನೂ ಇಲ್ಲದಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಜನ ಕಟ್ಟುತ್ತಿದ್ದಾರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದು ‘ಅರಿವು ಕೇಂದ್ರ’ಗಳಾದವು. 2020ರ ಮಕ್ಕಳ ದಿನದಂದು ಶುರುವಾದ ‘ಓದುವ ಬೆಳಕು’ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಕಟ್ಟಡ, ಸದಸ್ಯತ್ವ, ಕರ ಎಲ್ಲ ಇದ್ದೂ ಕಪಾಟಿಗೆ ಬರಬೇಕಾದ ಪುಸ್ತಕ ಯಾವುದೆಂದು ಊರಿನ ಓದುಗರು ಹೇಳುವ ಪದ್ಧತಿ ಬೆಳೆದಿಲ್ಲ. ಮೊಬೈಲಿನಲ್ಲಿ ನೂರಾರು ಹೆಸರು ಸೂಚಿಸುವವರು ತಮ್ಮ ಪಂಚಾಯಿತಿಯ ಗ್ರಂಥಪಾಲಕರಿಗೆ ಒಂದು ಹೆಸರನ್ನೂ ಕೊಟ್ಟಿರುವುದಿಲ್ಲ.

ಆದ್ದರಿಂದ ಬಳಗಗಳು ಬೇಕು, ಅವುಗಳ ರೂಢಿ ಬದಲಾಗಬೇಕು. ಕೇಳುವವರು ತಾವು ಕೊನೆಗೆ ಮೆಚ್ಚಿದ ಪುಸ್ತಕವನ್ನೂ ತಮ್ಮ ಊರನ್ನೂ ಹೇಳಲಿ. ಹೇಳುವವರು ಬರಿ ಹೆಸರು ಎಸೆಯದೆ, ಯಾಕೆ ಓದಬೇಕು, ಯಾರಿಗೆ ಹಿಡಿಸಲಿಕ್ಕಿಲ್ಲ, ಎಲ್ಲಿ ಸಿಗುತ್ತದೆ ಎಂದು ಎರಡು ಸಾಲು ಬರೆಯಲಿ. ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲದ ಓದುಗರು ತಮ್ಮ ಸೀಮೆಯ ಪುಸ್ತಕಗಳ ಪಟ್ಟಿಯನ್ನು ತಾವೇ ಮಾಡಲಿ. ಅದರ ಒಂದು ಪ್ರತಿಯನ್ನು ಬಳಗಕ್ಕೆ ಹಾಕಿ, ಇನ್ನೊಂದನ್ನು ಸಹಿ ಮಾಡಿ ಊರಿನ ಅರಿವು ಕೇಂದ್ರಕ್ಕೆ ಕೊಡಲಿ.