ಠಾಣೆಯ ತೀರ್ಮಾನಕ್ಕೆ ಬರಹದ ಕಾರಣ ಬೇಕು



ಯಾರನ್ನು ಬಂಧಿಸಬೇಕು, ಯಾರಿಗೆ ನೋಟಿಸ್ ಕೊಟ್ಟರೆ ಸಾಕು, ಯಾರಿಗೆ ಬುದ್ಧಿ ಹೇಳಿ ಕಳಿಸಬೇಕು ಎಂದು ಮೊದಲು ತೀರ್ಮಾನಿಸುವವರು ಠಾಣೆಯ ಅಧಿಕಾರಿಗಳು. ಈ ವಿವೇಚನಾಧಿಕಾರ ಬೇಕೇ ಬೇಕು. ಬೇಲಿ ಜಗಳ ಮಾಡಿಕೊಂಡವರನ್ನೆಲ್ಲ ಲಾಕಪ್ಪಿಗೆ ತಳ್ಳಿದರೆ ಊರಿನ ನೆಮ್ಮದಿಯೂ ಉಳಿಯದು, ಠಾಣೆಯ ಕೆಲಸವೂ ಸಾಗದು. ಆದರೆ ಕಾರಣ ಕೊಡಬೇಕಿಲ್ಲದ ಅಧಿಕಾರ ಬಲುಬೇಗ ಎದುರಿಗಿರುವವರ ಬಟ್ಟೆ, ಮಾತು, ಜಾತಿ, ವಶೀಲಿ ನೋಡಿ ನಡೆಯತೊಡಗುತ್ತದೆ. ಆದ್ದರಿಂದ ನಮ್ಮ ಒತ್ತಾಯ ಇಷ್ಟೇ: ವಿವೇಚನೆ ಬಳಸಿದ ಕಡೆಯೆಲ್ಲ ಕಾರಣ ಬರಹದಲ್ಲಿರಲಿ, ಅದರ ಪ್ರತಿ ಸಂಬಂಧಪಟ್ಟವರ ಕೈಸೇರಲಿ.

ಗುಮಾನಿಯೇ ಕಾನೂನಾದರೆ ಏನಾಗುತ್ತದೆಂದು ಈ ದೇಶ ಕಂಡಿದೆ. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳ್ಳರೆಂಬ ಹಣೆಪಟ್ಟಿ ಹಚ್ಚಿತು. 1952ರಲ್ಲಿ ಕಾಯ್ದೆ ಹೋಯಿತು, ಗುಮಾನಿ ಹೋಗಲಿಲ್ಲ. ಆ ಸಮುದಾಯಗಳವರನ್ನು ಮನಬಂದಂತೆ ಬಂಧಿಸಬಾರದೆಂದು ಸುಪ್ರೀಂ ಕೋರ್ಟ್ 2024ರಲ್ಲೂ ಹೇಳಬೇಕಾಯಿತು. ಹೀಗೆ ಗುಮಾನಿಗೆ ಗುರಿಯಾದವರು ತಮ್ಮದೇ ಮನೆಯಲ್ಲಿ ಕಳವಾದರೂ ಠಾಣೆಯ ಮೆಟ್ಟಿಲು ಹತ್ತಲು ಅಂಜುತ್ತಾರೆ, ಕಂಡದ್ದನ್ನು ಸಾಕ್ಷಿ ಹೇಳಲು ಹಿಂಜರಿಯುತ್ತಾರೆ. ಕೊನೆಗೆ ನಷ್ಟ ತನಿಖೆಗೇ.

ನಾವು ಕೇಳುತ್ತಿರುವುದರ ಬಹುಪಾಲು ಕಾನೂನಿನಲ್ಲೇ ಇದೆ. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ದೂರು ಬಂದ ಮಾತ್ರಕ್ಕೆ ಬಂಧಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿತು. ಇಂಥ ಪ್ರಕರಣಗಳಲ್ಲಿ ಬಂಧಿಸಿದರೂ, ಬಂಧಿಸದಿದ್ದರೂ ಕಾರಣ ಬರೆದಿಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮು ವಿಧಿಸುತ್ತದೆ. ಆದರೂ ದೂರು ಹಿಡಿದು ಹೋದ ಎಷ್ಟೋ ಬಡವರಿಗೆ ಸಿಗುವುದು ಬಾಯಿಮಾತಿನ ಉತ್ತರ: ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’. ಅರ್ಜಿಗೆ ಸ್ವೀಕೃತಿಯಿಲ್ಲ, ಹಿಂಬರಹವಿಲ್ಲ. ಹಿಂಬರಹವೊಂದು ಕೈಯಲ್ಲಿದ್ದರೆ ಎಸ್‌ಪಿ ಎದುರಿಗೋ ಮ್ಯಾಜಿಸ್ಟ್ರೇಟರ ಎದುರಿಗೋ ಅದನ್ನಿಟ್ಟು ಪ್ರಶ್ನಿಸಬಹುದು. ಬಾಯಿಮಾತನ್ನು ಎಲ್ಲಿಟ್ಟು ಪ್ರಶ್ನಿಸುವುದು?

ಕಲ್ಲು ತೂರಾಟದ ನಡುವೆ ಬರೆಯುತ್ತ ಕೂರಲಾದೀತೇ ಎಂದು ಕೆಲವರು ಕೇಳುತ್ತಾರೆ. ಬೇಡ, ಗಲಭೆ ನಿಂತ ಮೇಲೆ ಬರೆಯಲಿ. ಅಪರಾಧಿಗಳು ತಪ್ಪಿಸಿಕೊಳ್ಳುತ್ತಾರೆ ಎಂಬ ಅಂಜಿಕೆಗೂ ಆಧಾರವಿಲ್ಲ. ಸಾಕ್ಷ್ಯ ನಾಶ, ಸಾಕ್ಷಿಗಳಿಗೆ ಬೆದರಿಕೆ, ಮತ್ತೊಂದು ಅಪರಾಧದ ಸಾಧ್ಯತೆ ಇದ್ದರೆ ಬಂಧನದ ದಾರಿ ತೆರೆದೇ ಇದೆ. ಎಲ್ಲ ಕಡತಕ್ಕೂ ಒಂದೇ ಒಕ್ಕಣೆ ನಕಲು ಮಾಡುತ್ತಾರೆ ಎಂಬ ಆಕ್ಷೇಪ ಮಾತ್ರ ನಿಜಕ್ಕೂ ತೂಕದ್ದು. ಅದಕ್ಕೇ ಮ್ಯಾಜಿಸ್ಟ್ರೇಟರು ಆ ಕಾರಣಗಳನ್ನು ಓದಿ ಒರೆಗೆ ಹಚ್ಚಬೇಕೆಂದು ಅರ್ನೇಶ್ ಕುಮಾರ್ ತೀರ್ಪೇ ಹೇಳಿದೆ. ಪ್ರಭಾವಿಗಳ ಫೋನ್ ಬಂದಾಗ ಪ್ರಾಮಾಣಿಕ ಅಧಿಕಾರಿಯನ್ನು ಕಾಯುವುದೂ ಅವರು ಮೊದಲೇ ಬರೆದಿಟ್ಟ ಕಾರಣವೇ. ಆದ್ದರಿಂದ ಠಾಣೆಗೆ ಹೋದಾಗ ಅರ್ಜಿಗೆ ಸ್ವೀಕೃತಿ ಕೇಳಿ. ಎಫ್‌ಐಆರ್ ಆದರೆ ಉಚಿತ ಪ್ರತಿ ಕೇಳಿ, ಆಗದಿದ್ದರೆ ಹಿಂಬರಹ ಕೇಳಿ. ಓದಲು ಬಾರದ ನೆರೆಯವರ ಜೊತೆ ಹೋಗಿ, ಅವರ ಪರವಾಗಿಯೂ ಕೇಳಿ.